ಕಂಡಿಕೆ ಸುತ್ತಿದ ಕೈಗೆ ಹೊಸದು ಹೊಳೆಯದೇ?

ಪ್ರಶ್ನೆ: ನನಗೆ 29 ವರ್ಷ. ಇಳಕಲ್ಲಿನ ನೇಕಾರರ ಮನೆಯವಳು, ಬೆಂಗಳೂರಿನ ಉಡುಪು ಕಂಪನಿಯೊಂದರಲ್ಲಿ ವಿನ್ಯಾಸಕಿ. ಕೆಲವು ತಿಂಗಳಿಂದ ಹೊಸದೇನೂ ಹೊಳೆಯುತ್ತಿಲ್ಲ. ‘ನಿಮ್ಮ ಬಾಲ್ಯದ ಮಗ್ಗದ ಕತೆಯನ್ನೇ ತನ್ನಿ, ಜನ ಮೆಚ್ಚುತ್ತಾರೆ’ ಎನ್ನುತ್ತಾರೆ ಮೇಲಧಿಕಾರಿ. ಆದರೆ ಸಾಲ ತೀರಿಸಲು ಅಪ್ಪ ಮಗ್ಗ ಮಾರಿದ್ದು ನೆನಪಾದರೆ ಈಗಲೂ ಕೈ ನಡುಗುತ್ತದೆ. ಆ ನೋವನ್ನು ಮಾರಿಕೊಳ್ಳಬೇಕೇ? ಹಳೆಯದನ್ನೇ ತಿರುವಿ ಹಾಕಿದರೆ ಹೊಸದಾಗುತ್ತದೆಯೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ಮಾರಿಕೊಳ್ಳಬೇಡಿ. ಅಪ್ಪ ಮಗ್ಗ ಮಾರಿದ ದಿನ ನಿಮ್ಮ ಮನೆಗೆ ಸೇರಿದ್ದು. ಅದನ್ನು ಬಟ್ಟೆಗೆ ತೂಗುಹಾಕುವ ಚೀಟಿಯ ಮೇಲೆ ನಾಲ್ಕು ಸಾಲಾಗಿ ಅಚ್ಚು ಹಾಕಿಸುವ ಹಕ್ಕು ಯಾವ ಮೇಲಧಿಕಾರಿಗೂ ಇಲ್ಲ. ‘ಮನೆಯ ವಿಷಯ ಬೇಡ ಸರ್, ಕೆಲಸ ತೋರಿಸುತ್ತೇನೆ’ ಎಂದುಬಿಡಿ.

ಎರಡನೆಯ ಪ್ರಶ್ನೆಗೆ ಮಾತು ಜಾಸ್ತಿ ಬೇಕು. ನಿಮ್ಮ ಪತ್ರದಲ್ಲಿ ಮಗ್ಗವೆಂದರೆ ಬರೀ ದುಃಖ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಬೆಳೆದವರು ನೀವು. ಅಲ್ಲಿ ಎಷ್ಟೊಂದು ಲೆಕ್ಕಾಚಾರ, ಜಾಣತನ ಇತ್ತೆಂಬುದು ನಿಮಗೆ ಗೊತ್ತಿರಲೇಬೇಕು. ಇಳಕಲ್ ಸೀರೆಯ ಸೆರಗನ್ನೇ ನೋಡಿ. ಒಡಲಿಗೆ ಹತ್ತಿಯ ಹಾಸು (ಉದ್ದಕ್ಕೆ ಹಾಯುವ ಎಳೆಗಳು), ಸೆರಗಿಗೆ ಬೇರೆಯದೇ ಆದ ಕೆಂಪು ರೇಷ್ಮೆಯ ಹಾಸು. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಮಗ್ಗದ ಮೇಲೆಯೇ ಸೇರಿಸುತ್ತಾರೆ. ಸೀರೆಯ ಒಡಲಿನುದ್ದಕ್ಕೂ ರೇಷ್ಮೆಯ ಹಾಸು ಬೇಕಿಲ್ಲ, ಎಲ್ಲರ ಕಣ್ಣಿಗೆ ಬೀಳುವ ಕಡೆ ಇದ್ದರೆ ಸಾಕು! ಆ ಸೆರಗಿನಲ್ಲಿ ಬಿಳಿಯಾಗಿ ಎದ್ದು ಕಾಣುವ ಜೋಳದ ತೆನೆ, ಹಣಿಗೆ ಇವೆಯಲ್ಲ, ಮೊದಲು ನೇಯ್ದವರಿಗೆ ಅವು ಪರಂಪರೆ ಆಗಿರಲಿಲ್ಲ. ಹೊಲದಲ್ಲಿ ಕಂಡದ್ದು, ತಲೆ ಬಾಚಿಕೊಂಡದ್ದು.

ಆ ತೆನೆಯನ್ನು ಕುರ್ತಾದ ಮೇಲೆ ಮುದ್ರಿಸಿದರೆ ಅದು ನಕಲು. ಅಂಥದ್ದು ಪೇಟೆಯಲ್ಲಿ ರಾಶಿ ಬಿದ್ದಿದೆ. ನೀವು ಕುಣಿಕೆಯ ಬೆನ್ನು ಹತ್ತಿ. ಹೊಲಿಗೆಯಿಲ್ಲದೆ ಎರಡು ಬಗೆಯ ನೂಲು ಕೂಡುವ ದುಪಟ್ಟಾ ಆಗುತ್ತದೆಯೇ? ದುಬಾರಿ ನೂಲನ್ನು ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು? ಈ ಪ್ರಶ್ನೆ ನಿಮ್ಮ ಪಕ್ಕದ ಮೇಜಿನವರಿಗೆ ಹೊಳೆಯುವುದು ಕಷ್ಟ.

ಒಮ್ಮೆ ಊರಿಗೆ ಹೋಗಿ. ಫೋಟೊ ತೆಗೆಯಲು ಅಲ್ಲ. ಎಳೆ ಹರಿದಾಗ ನೀನು ಏನು ಮಾಡುತ್ತಿದ್ದೆ, ನೂಲು ಸಾಲದೆ ಬಂದಾಗ ಹೇಗೆ ಹೊಂದಿಸುತ್ತಿದ್ದೆ ಎಂದು ಅವ್ವನನ್ನು ಕೇಳಿ. ಮಗ್ಗ ಮಾರಿದ ಮಾತು ನಡುವೆ ಬಂದರೆ ಬರಲಿ, ನೀವಾಗಿ ಕೆದಕಬೇಡಿ. ಕೈ ನಡುಗುವುದು ನಿಲ್ಲದಿದ್ದರೆ, ನಿದ್ದೆಯೂ ಕೆಡುತ್ತಿದ್ದರೆ ಅದನ್ನು ‘ಸೃಜನಶೀಲರ ತಳಮಳ’ ಎಂದು ಸಹಿಸಿಕೊಂಡು ಕೂರಬೇಡಿ (ಈ ಮಾತು ಎಷ್ಟು ಜನರನ್ನು ವೈದ್ಯರಿಂದ ದೂರ ಇಟ್ಟಿದೆಯೋ!). ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಇನ್ನು ಮೇಲಧಿಕಾರಿಯ ವಿಷಯ. ಮುದ್ರಿತ ಬಟ್ಟೆಗೆ ‘ಇಳಕಲ್’ ಎಂದು ಹೆಸರಿಟ್ಟು ಮಾರುವ ಯೋಚನೆ ಅವರಿಗಿದ್ದರೆ ಈಗಲೇ ತಡೆಯಿರಿ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಇದೆ, ಆ ಹೆಸರು ಅಲ್ಲಿನ ನೇಯ್ಗೆಗೇ ಮೀಸಲು. ನಿಮ್ಮ ದುಪಟ್ಟಾ ಕೈಗೂಡಿದರೆ ನೇಯ್ಗೆಯ ಕೆಲಸ ಊರಿನ ನೇಕಾರರಿಗೇ ಹೋಗಲಿ. ಮಾದರಿಯನ್ನು ಕಂಪನಿಗೆ ಒಪ್ಪಿಸುವ ಮುನ್ನವೇ ಕೂಲಿ ಎಷ್ಟು, ಮುಂಗಡ ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.