ನಿಮ್ಮ ಹಾವಿನ ಊರು ಯಾವುದು?

ನಮಸ್ಕಾರ. ನೀವು ಕಳಿಸಿದ ‘ಆಫ್ರಿಕಾದ ನೀರುಹಾವು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

‘ಇದು ಆಫ್ರಿಕಾದ ನದಿಗಳಲ್ಲೆಲ್ಲ ಸಿಗುತ್ತದೆ’ ಅಂತ ಮೊದಲ ಪುಟದಲ್ಲೇ ಬರೆದಿದ್ದೀರಿ. ಸಿಗುವುದಿಲ್ಲ. ನೀವು ಕೊಟ್ಟಿರುವ ಹೆಸರು ಲೈಕೊಡೋನೋಮಾರ್ಫಸ್ ರುಫುಲಸ್, ಅಂದರೆ ಕಂದು ನೀರುಹಾವು. ಅದು ಖಂಡದ ದಕ್ಷಿಣ ತುದಿಯದು. ಕೇಪ್‌ಟೌನ್ ಕಡೆಯಿಂದ ಶುರುವಾಗಿ, ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್, ಕ್ವಾಜುಲು-ನಟಾಲ್ ಪ್ರಾಂತ್ಯಗಳು, ಎಸ್ವಾಟಿನಿ (ಹಿಂದಿನ ಸ್ವಾಜಿಲ್ಯಾಂಡ್), ಜೊಹಾನ್ಸ್‌ಬರ್ಗ್ ಸುತ್ತಿನ ಎತ್ತರದ ಬಯಲು ಎಲ್ಲ ಹಾದು, ಜಿಂಬಾಬ್ವೆಯ ಪೂರ್ವ ಭಾಗ ಮತ್ತು ಅದಕ್ಕೆ ಅಂಟಿದ ಮೊಜಾಂಬಿಕ್‌ವರೆಗೆ ಅದರ ನೆಲೆ. ಪಶ್ಚಿಮದ ಕಲಹಾರಿಯ ಒಣನೆಲದಲ್ಲಿ ಇಲ್ಲ. ವರ್ಷವಿಡೀ ನೀರಿರುವ ಹಳ್ಳ ಇಲ್ಲ, ಅಲ್ಲಿ ನೀರುಹಾವು ಬದುಕುವುದಾದರೂ ಹೇಗೆ? ಇದಿಷ್ಟನ್ನು ಬರೆದರೆ ಓದುಗರಿಗೆ ಊರುಗಳ ಪಟ್ಟಿಯ ಜೊತೆ ಕಾರಣವೂ ಸಿಗುತ್ತದೆ.

ನನಗೆ ನಿಜಕ್ಕೂ ಬೇಸರ ತಂದದ್ದು ಇನ್ನೊಂದು ಸಾಲು: ‘ಟ್ಯಾಂಗನಿಕಾ ಸರೋವರದ ಮೀನುಗಾರರು ಇದರ ಹೆಡೆ ಕಂಡರೆ ನಡುಗುತ್ತಾರೆ.’ ನಿಮ್ಮ ಹಾವಿಗೆ ಹೆಡೆಯೂ ಇಲ್ಲ, ವಿಷವೂ ಇಲ್ಲ, ಪೂರ್ವ ಆಫ್ರಿಕಾದ ಆ ಸರೋವರಕ್ಕೂ ಅದಕ್ಕೂ ಸಂಬಂಧ ಇಲ್ಲ. ಟ್ಯಾಂಗನಿಕಾದಲ್ಲಿ ಮೀನು ತಿಂದು ಬದುಕುವ ನಾಗರವೊಂದಿದೆ, ನಾಜಾ ಅನುಲಾಟಾ. ಹೆಡೆ, ವಿಷ ಎರಡೂ ಅದರದ್ದು. ಅದೇ ನೀರಲ್ಲಿ ನಿಮ್ಮ ಹಾವಿನ ದಾಯಾದಿ ಲೈಕೊಡೋನೋಮಾರ್ಫಸ್ ಬೈಕಲರ್ ಕೂಡ ಇದೆ. ಪಾಪದ ಹಾವು, ಆ ಸರೋವರ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಮೂರೂ ನಿಮ್ಮ ಟಿಪ್ಪಣಿಯಲ್ಲಿ ಕಲಸಿಹೋಗಿವೆ ಅನ್ನಿಸುತ್ತದೆ. ಹೀಗೆ ಕಲಸಿದರೆ ಕಷ್ಟ ಬರುವುದು ಹಾವಿಗೆ. ನಮ್ಮಲ್ಲೂ ನೀರೊಳ್ಳೆ ಹೆದರಿ ಕುತ್ತಿಗೆ ಅಗಲ ಮಾಡಿದರೆ ಸಾಕು, ನಾಗರದ ಮರಿ ಅಂತ ಹೊಡೆದು ಹಾಕುತ್ತಾರೆ, ಅಲ್ವಾ?

ಈಗ ಏಳನೇ ಪ್ಯಾರಾಕ್ಕೆ ಬರುತ್ತೇನೆ. ಕ್ವಾಜುಲು-ನಟಾಲ್‌ನ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಅಕ್ಕನ ಮನೆ ಹಿಂದಿನ ತೊರೆಗೆ ರಾತ್ರಿ ಟಾರ್ಚ್ ಹಿಡಿದು ಹೋಗಿದ್ದೀರಿ. ಕಲ್ಲಿನ ಸಂದಿಯಲ್ಲಿ ಮೊಳಕ್ಕಿಂತ ಸ್ವಲ್ಪ ಉದ್ದದ ಕಂದು ಹಾವು ಕಪ್ಪೆಯೊಂದನ್ನು ಎರಡು ಸುತ್ತು ಸುತ್ತಿ ಬಿಗಿದಿದೆ. ಒಂದು ಹಿಂಗಾಲು ಮಾತ್ರ ಹೊರಗೆ, ಅದರ ಬೆರಳುಗಳು ಬಿಡಿಸಿಕೊಳ್ಳುತ್ತಾ ಮುದುಡುತ್ತಾ ಇವೆ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ವಿಷವಿಲ್ಲದ ಈ ಹಾವು ಹೇಗೆ ಕೊಲ್ಲುತ್ತದೆ ಅನ್ನುವುದೆಲ್ಲ ಆ ಒಂದು ಕಾಲಲ್ಲೇ ಇದೆ. ನೀವು ಅದನ್ನು ಮೂರು ಸಾಲಿಗೆ ಮುಗಿಸಿ ‘ಪ್ರಕೃತಿಯ ವಿಸ್ಮಯ’ದ ಕಡೆ ಓಡಿದ್ದೀರಿ. ಯಾಕೆ ಅಷ್ಟು ಅವಸರ? ಲೇಖನ ಅಲ್ಲಿಂದಲೇ ಶುರುವಾಗಲಿ. ನಮ್ಮ ನೀರೊಳ್ಳೆ ಹೀಗೆ ಸುತ್ತಿ ಬಿಗಿಯುವುದಿಲ್ಲ, ಸಿಕ್ಕಿದ ಕಪ್ಪೆಯನ್ನು ಜೀವಂತ ನುಂಗುತ್ತದೆ. ಗದ್ದೆ, ಕೆರೆ ನೋಡಿ ಬೆಳೆದ ಓದುಗರಿಗೆ ಆ ವ್ಯತ್ಯಾಸ ತಟ್ಟನೆ ತಲೆಗೆ ಹತ್ತುತ್ತದೆ. ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ, ಜಾಸ್ತಿ ಏನೂ ಕಳೆದುಹೋಗುವುದಿಲ್ಲ.

ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ. ಫೋಟೋ ತೆಗೆದಿಲ್ಲ ಅಂದಿದ್ದೀರಿ, ಪರವಾಗಿಲ್ಲ. ನೀವು ಕಂಡದ್ದು ಕಂದು ನೀರುಹಾವೇ ಅಂತ ಖಚಿತ ಮಾಡಿಕೊಳ್ಳಲು, ನೆನಪು ಮಾಡಿಕೊಂಡು ಎರಡು ವಿಷಯ ಹೇಳಿ: ಹೊಟ್ಟೆಯ ಕಡೆ ತಿಳಿ ಗುಲಾಬಿ ಬಣ್ಣ ಇತ್ತಾ? ಟಾರ್ಚ್ ಬೆಳಕಿಗೆ ಕಣ್ಣಿನ ಪಾಪೆ ಬೆಕ್ಕಿನದರ ಹಾಗೆ ನೆಟ್ಟಗೆ ಸೀಳಿದಂತೆ ಕಂಡಿತಾ?