ಸೀಲ್‌ಗಳು ದಾಯಾದಿಗಳೋ, ಸೋದರಮಾವಂದಿರೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ನೆರೆಮನೆಯ ಹಿರಿಯರೊಬ್ಬರು ತಮ್ಮ ಮನೆತನ ಸೀಲ್ ಎಂಬ ಕಡಲ ಪ್ರಾಣಿಗಳಿಗೆ ಸಂಬಂಧಪಟ್ಟದ್ದು ಎಂದು ಗಂಭೀರವಾಗಿಯೇ ಹೇಳಿದರು. ಅವರ ಮನೆತನದ ಹೆಸರು ಕನೀಲಿ. ಇದು 'ಸೆಲ್ಕಿ' ಎಂಬ ಕಥೆಯೇ?
– ಕುವೆಂಪುನಗರ, ಮೈಸೂರು

ಉತ್ತರ: ಆ ಹಿರಿಯರು ಹೇಳಿದ್ದು ಅವರ ಸೀಮೆಯ ಹಳೆಯ ಮಾತು. ಗಾಲ್ವೇಯಿಂದ ಪಶ್ಚಿಮಕ್ಕಿರುವ ಕಾನೆಮಾರಾ ಕರಾವಳಿಯಲ್ಲಿ ಕನೀಲಿ ಮನೆತನದ ಹೆಸರು ಸೀಲ್‌ಗೆ ಅಂಟಿಕೊಂಡೇ ಬಂದಿದೆ. ರಾಡ್ರಿಕ್ ಓ'ಫ್ಲಾಹರ್ಟಿ 1684ರಲ್ಲಿ ಆ ಸೀಮೆಯ ವಿವರಣೆಯೊಂದನ್ನು ಬರೆದರು. 1846ರಲ್ಲಿ ಜೇಮ್ಸ್ ಹಾರ್ಡಿಮನ್ ಅದನ್ನು ಅಚ್ಚು ಹಾಕಿಸುವಾಗ ಈ ನಂಬಿಕೆಯನ್ನು ಟಿಪ್ಪಣಿಯಲ್ಲಿ ಸೇರಿಸಿದರು: ಹಿಂದೆ ಈ ಕುಲದ ಕೆಲವರು ಮಾಟದಿಂದ ಸೀಲ್‌ಗಳಾದರು, ಆದ್ದರಿಂದ ನಂಬುವವರು ಸೀಲನ್ನು ಕೊಲ್ಲುವುದಿಲ್ಲ, ಕೊಂದ ಸೀಲಿನ ಮಾಂಸ ಮುಟ್ಟುವುದಿಲ್ಲ, ಅವರಿಗೆ ಅದು ಕನೀಲಿ ಮನೆಯ ಮನುಷ್ಯನನ್ನೇ ಕೊಂದು ತಿಂದಂತೆ. ಊರವರು ಸೀಲ್‌ಗಳನ್ನೇ 'ಕನೀಲಿಗಳು' ಎಂದು ಕರೆಯತೊಡಗಿದ್ದರಿಂದ ಎಷ್ಟೋ ಮಂದಿ ಹೆಸರನ್ನು 'ಕಾನಲಿ' ಎಂದು ಬದಲಿಸಿಕೊಂಡರು ಎಂಬ ಮಾತೂ ದಾಖಲಾಗಿದೆ.

ಸೆಲ್ಕಿ ಕಥೆ ಇದಕ್ಕೆ ಹತ್ತಿರದ್ದು, ಆದರೆ ಇದೇ ಅಲ್ಲ. ವ್ಯತ್ಯಾಸ ನಮ್ಮ ನೆಂಟಸ್ತಿಕೆಯ ಮಾತಿನಲ್ಲಿ ಸಲೀಸಾಗಿ ತಿಳಿಯುತ್ತದೆ. ಕನೀಲಿಗಳಿಗೆ ಸೀಲ್‌ಗಳು ದಾಯಾದಿಗಳು. ಒಂದೇ ಕುಲ ಒಡೆದು, ಒಂದು ಕವಲು ನೀರಿಗೆ ಹೋಯಿತು. ಸೆಲ್ಕಿ ಕಥೆಯಲ್ಲಿ ಸೀಲ್ ಹೆಣ್ಣು ತನ್ನ ಸೀಲ್ ತೊಗಲು ಕಳಚಿ ಮನುಷ್ಯನ ಮನೆಗೆ ಸೊಸೆಯಾಗಿ ಬರುತ್ತಾಳೆ. ಅವಳ ಮಕ್ಕಳಿಗೆ ಕಡಲಿನ ಸೀಲ್‌ಗಳೆಲ್ಲ ತಾಯಿ ಕಡೆಯವರು, ಸೋದರಮಾವಂದಿರು. ಇವೆರಡನ್ನೂ ಕಲಸಿ ಬರೆಯುವುದೇ ಈಗಿನ ಬರಹಗಳಲ್ಲಿ ಹೆಚ್ಚು ಕಾಣುವ ತಪ್ಪು.

'ಸೆಲ್ಕಿ' ಐರಿಶ್ ಪದವೂ ಅಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳ ಮಾತಿನಲ್ಲಿ ಅದರ ಅರ್ಥ ಬರೀ ಸೀಲ್ ಎಂದಷ್ಟೇ. ಐರಿಶ್ ಭಾಷೆಯಲ್ಲಿ ಸೀಲ್ ಎಂದರೆ 'ರೋನ್'. ಸ್ಕಾಟ್ಲೆಂಡಿನ ನಾರ್ತ್ ಯೂಯಿಸ್ಟ್ ದ್ವೀಪದ ಮ್ಯಾಕ್‌ಕಾಡ್ರಮ್ ಮನೆತನಕ್ಕೂ 'ಸೀಲ್‌ಗಳ ಮ್ಯಾಕ್‌ಕಾಡ್ರಮ್' ಎಂದೇ ಹೆಸರು. ಸೀಲ್‌ಗಳು ಲಾಕ್ಲನ್ (ನಾರ್ವೆ ಕಡೆಯ ನಾಡು) ರಾಜನ ಶಾಪಗ್ರಸ್ತ ಮಕ್ಕಳು ಎಂದು ಅಲ್ಲಿನ ಗೇಲಿಕ್ ಮಾತು ಹೇಳುತ್ತದೆ.

ಪ್ರಶ್ನೆ: ನಮ್ಮ ಬೆಡಗು ಆಮೆ. ಅವ್ವನ ಕಾಲದವರು ಗದ್ದೆಗೆ ಬಂದ ಆಮೆಯನ್ನು ಕೈಮುಗಿದು ಕಾಲುವೆಗೆ ಬಿಡುತ್ತಿದ್ದರು. ಐರ್ಲೆಂಡಿನವರದ್ದೂ ಇಂಥದ್ದೇ ಬೆಡಗೇ?
– ಪಾಂಡವಪುರ

ಉತ್ತರ: ಅರ್ಧ ಒಂದೇ, ಅರ್ಧ ಬೇರೆ. ಕೊಲ್ಲಬಾರದು, ತಿನ್ನಬಾರದು, ಮೀರಿದರೆ ಮನೆಗೆ ಕೇಡು ಎಂಬಷ್ಟು ಎರಡೂ ಕಡೆ ಒಂದೇ. ಆದರೆ ನಮ್ಮಲ್ಲಿ ಬೆಡಗಿನ ಮುಖ್ಯ ಕೆಲಸ ಮದುವೆಯದು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಹೆಣ್ಣು ಕೊಟ್ಟು ತರುವಂತಿಲ್ಲ. ಕನೀಲಿಗಳ ಸೀಲ್ ಕಟ್ಟಳೆಗೂ ಮದುವೆಗೂ ಸಂಬಂಧವಿಲ್ಲ. ಅದು ಹೆಸರಿನ ಜೊತೆ ಸಾಗಿಬಂದದ್ದು. ಐರ್ಲೆಂಡಿನಲ್ಲಿ ಮನೆತನದ ಹೆಸರುಗಳು ಹತ್ತು–ಹನ್ನೊಂದನೇ ಶತಮಾನದಿಂದಲೇ ನೆಲೆನಿಂತವು, ಯುರೋಪಿನಲ್ಲೇ ಮೊದಲಿನವುಗಳಲ್ಲಿ ಸೇರಿದವು. ಹಾಗಾಗಿ ಕಥೆಗೆ ನಿಲ್ಲಲು ಹೆಸರೇ ಜಾಗವಾಯಿತು.

ಆ ಕಟ್ಟಳೆ ಅಗ್ಗದ್ದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಪಶ್ಚಿಮ ಐರ್ಲೆಂಡಿನ ಬಡ ಕರಾವಳಿಯಲ್ಲಿ ಸೀಲ್ ಬೇಟೆ ಇತ್ತು. ಬ್ಲಾಸ್ಕೆಟ್ ದ್ವೀಪದವರು ಕಡಲ ಗವಿಗಳಿಗೆ ನುಗ್ಗಿ ಸೀಲ್ ಹೊಡೆಯುತ್ತಿದ್ದರು. ಕೊಬ್ಬಿನ ಎಣ್ಣೆ ದೀಪಕ್ಕೆ, ಮಾಂಸ ಉಪ್ಪು ಹಾಕಿಡಲು, ತೊಗಲೂ ದುಡ್ಡು. ಮೇಲಾಗಿ ಸೀಲ್ ಬಲೆ ಹರಿದು ಮೀನು ತಿನ್ನುವ ಪ್ರಾಣಿ, ಬೆಸ್ತರಿಗೆ ಹಗೆ. ಅಂಥ ಊರಿನಲ್ಲಿ ಒಂದು ಮನೆಯವರು ಮಾತ್ರ "ಇದು ನಮ್ಮದು, ಮುಟ್ಟೆವು" ಎಂದರೆ ಅದು ಹಸಿವಿನ ಎದುರು ಹಿಡಿದ ಕಟ್ಟಳೆ. ರಕ್ತದಲ್ಲಿ ಸೀಲ್ ಇದೆಯೇ ಎಂದು ಕೇಳುವುದಕ್ಕಿಂತ, ಆ ಕೈ ತಡೆದದ್ದನ್ನು ನೋಡುವುದೇ ಸರಿ ಎಂದು ನಮ್ಮ ಅಭಿಪ್ರಾಯ. ನಿಮ್ಮ ಅವ್ವನವರ ಕಾಲುವೆಯ ಆಮೆಗೂ ಇದೇ ಮಾತು.

ಒಂದು ಕೋರಿಕೆ. ಆ ಆಮೆಯ ಕಟ್ಟಳೆಯನ್ನು ಬರೆದಿಡಿ. ಹೇಳಿದವರ ವಯಸ್ಸು, ಊರು, ದಿನಾಂಕ, ಏನು ಮಾಡಬಾರದು, ತಪ್ಪಿದರೆ ಏನು ಮಾಡುತ್ತಿದ್ದರು, ಕೈಮುಗಿಯುವಾಗ ಆಡುತ್ತಿದ್ದ ಮಾತು ಯಾವುದು. ಆ ಮಾತನ್ನು ಗ್ರಂಥದ ಕನ್ನಡಕ್ಕೆ ತಿದ್ದಬೇಡಿ, ಬಾಯಲ್ಲಿ ಬಂದ ಹಾಗೇ ಇರಲಿ.

ಪ್ರಶ್ನೆ: ಶ್ರೀರಂಗಪಟ್ಟಣದ ಹತ್ತಿರ ಹೊಳೆಯಲ್ಲಿ ಕಾಣುವ ನೀರುನಾಯಿಯೂ ಸೀಲೂ ಒಂದೇ ಎಂದು ಮಕ್ಕಳು ವಾದಿಸುತ್ತಾರೆ.
– ಗಂಜಾಂ

ಉತ್ತರ: ಒಂದೇ ಅಲ್ಲ. ಕಾವೇರಿಯ ನೀರುನಾಯಿಗೆ ನಾಲ್ಕು ಕಾಲು, ಉದ್ದ ಬಾಲ. ದಡದ ಮೇಲೆ ಓಡುತ್ತದೆ. ಸೀಲ್‌ಗೆ ಕಾಲಿನ ಜಾಗದಲ್ಲಿ ಈಜುರೆಕ್ಕೆ, ದಡದಲ್ಲಿ ಹೊಟ್ಟೆಯ ಮೇಲೆ ತೆವಳುತ್ತದೆ. ಸೀಲ್ ನಮ್ಮ ಹೊಳೆಗಳಲ್ಲಿ ಇಲ್ಲ. ಹೆಸರಿನಲ್ಲಿ ಮಾತ್ರ ಒಂದು ಸೊಗಸಿದೆ: ಐರಿಶ್ ಭಾಷೆಯಲ್ಲಿ ನೀರುನಾಯಿಗೆ 'ಮದ್ರ ಇಶ್ಕ' ಎನ್ನುತ್ತಾರೆ, 'ಮದ್ರ' ನಾಯಿ, 'ಇಶ್ಕ' ನೀರು. ನಮ್ಮ ಪದವೇ!

ಪ್ರಶ್ನೆ: ಬೇರೆ ಯಾವ ಪ್ರಾಣಿಯನ್ನೂ ಬಿಟ್ಟು ಸೀಲನ್ನೇ ಮನುಷ್ಯ ಎಂದುಕೊಂಡದ್ದು ಯಾಕೆ?
– ಪಿಯುಸಿ ವಿದ್ಯಾರ್ಥಿನಿ, ಮಳವಳ್ಳಿ

ಉತ್ತರ: ಸೀಲನ್ನು ಹತ್ತಿರದಿಂದ ನೋಡಿದವರಿಗೆ ಈ ಅನುಮಾನ ಬರುವುದು ಸಹಜ. ಅದು ನೀರಿನಲ್ಲಿ ನೆಟ್ಟಗೆ ನಿಂತು, ತಲೆ ಮಾತ್ರ ಮೇಲಿಟ್ಟು ನಿದ್ದೆ ಮಾಡುತ್ತದೆ; ದೂರದಿಂದ ಕುತ್ತಿಗೆಮಟ್ಟ ನೀರಿನಲ್ಲಿ ನಿಂತ ಮನುಷ್ಯನೇ. ದೋಣಿಯ ಹಿಂದೆ ಕುತೂಹಲದಿಂದ ಬರುತ್ತದೆ. ಕಣ್ಣೀರನ್ನು ಮೂಗಿನೊಳಕ್ಕೆ ಹರಿಸುವ ನಾಳ ಸೀಲ್‌ಗೆ ಇಲ್ಲ. ಆದ್ದರಿಂದ ದಡಕ್ಕೆ ಬಂದಾಗ ಕಣ್ಣೀರು ಕೆನ್ನೆಯ ಮೇಲೆ ಇಳಿದು ಗೆರೆ ಬೀಳುತ್ತದೆ, ಅಳುವ ಹೆಂಗಸಿನ ಹಾಗೆ. ಮುಂದಿನ ಈಜುರೆಕ್ಕೆಯೊಳಗೆ ಐದು ಬೆರಳಿನ ಮೂಳೆಗಳಿವೆ; ಸುಲಿದು ನೋಡಿದ ಬೇಟೆಗಾರನಿಗೆ ಕೈ ಕಂಡಿರುತ್ತದೆ.

ಇನ್ನು ದನಿ. ಬೂದು ಸೀಲ್‌ನ ಮರಿ ಹಸುಗೂಸಿನಂತೆ ಅಳುತ್ತದೆ, ದೊಡ್ಡವು ನರಳಿದಂತೆ ಉದ್ದಕ್ಕೆ ಹಾಡುತ್ತವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಎಳೆಯ ಬೂದು ಸೀಲ್‌ಗಳು ಮನುಷ್ಯರ ಸ್ವರಗಳನ್ನೂ ಹಾಡಿನ ಧಾಟಿಯ ತುಣುಕನ್ನೂ ಅನುಕರಿಸಿದವು. ಅಮೆರಿಕದ ಬಾಸ್ಟನ್ ಮತ್ಸ್ಯಾಲಯದಲ್ಲಿದ್ದ ಹೂವರ್ ಎಂಬ ಸೀಲ್ ಗಡಸು ದನಿಯಲ್ಲಿ ಇಂಗ್ಲಿಷ್ ಮಾತುಗಳನ್ನೇ ಆಡುತ್ತಿತ್ತು. ಅದು ಸತ್ತದ್ದು 1985ರಲ್ಲಿ.

ಸೆಲ್ಕಿ ಕಥೆಯಲ್ಲಿ ಕಳಚುವ ತೊಗಲಿಗೂ ಕಾರಣ ಹುಡುಕಬಹುದು. ಸೀಲ್‌ಗಳು ವರ್ಷಕ್ಕೊಮ್ಮೆ ಕೂದಲು ಉದುರಿಸುತ್ತವೆ. ಆ ದಿನಗಳಲ್ಲಿ ಬಂಡೆಯ ಮೇಲೆ ಗುಂಪುಗೂಡಿ ಮಲಗಿರುತ್ತವೆ. ಬೂದು ಸೀಲ್ ಮರಿ ಬಿಳಿ ಕೂದಲಿನೊಂದಿಗೆ ಹುಟ್ಟಿ, ಮೂರು ವಾರದ ಸುಮಾರಿಗೆ ಅದನ್ನು ಕಳೆದುಕೊಳ್ಳುತ್ತದೆ. ತಾಯಿ ಹಾಲೂಡಿಸುವುದು ಬರೀ ಹದಿನೆಂಟು ದಿನದ ಆಸುಪಾಸು. ಹಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು (ಎಮ್ಮೆ ಹಾಲಿನಲ್ಲಿ ನೂರಕ್ಕೆ ಏಳು ಭಾಗದಷ್ಟು), ಹಾಗಾಗಿ ಹುಟ್ಟುವಾಗ 14 ಕಿಲೋ ಇದ್ದ ಮರಿ ಹಾಲು ಬಿಡುವಾಗ 40 ಕಿಲೋ ದಾಟಿರುತ್ತದೆ. ಆಮೇಲೆ ತಾಯಿ ಕಡಲಿಗಿಳಿದರೆ ಹಿಂದಿರುಗುವುದಿಲ್ಲ. ಮಕ್ಕಳನ್ನು ದಡದಲ್ಲಿ ಬಿಟ್ಟು ನೀರಿಗೆ ಹೋಗುವ ತಾಯಿಯನ್ನು ಆ ಕರಾವಳಿಯವರು ಪ್ರತಿ ಚಳಿಗಾಲದ ಬಾಯಲ್ಲೂ ನೋಡುತ್ತಿದ್ದರು.

ಪ್ರಶ್ನೆ: ಬೇಸಿಗೆ ಶಿಬಿರದಲ್ಲಿ ಮೂವತ್ತು ಮಕ್ಕಳಿಗೆ ಸೆಲ್ಕಿ ಕಥೆಯನ್ನು ನೆರಳಾಟವಾಗಿ ತೋರಿಸಬೇಕು. ಹೇಗೆ ಮಾಡಲಿ?
– ಶಿಕ್ಷಕಿ, ನಾಗಮಂಗಲ

ಉತ್ತರ: ತೊಗಲು ಗೊಂಬೆಯ ಸೀಮೆಯಲ್ಲಿ ತೊಗಲಿನ ಕಥೆ! ಇದಕ್ಕಿಂತ ಒಳ್ಳೆಯ ಆಯ್ಕೆ ನಮಗೆ ತೋಚದು.

ಮೊದಲು ಕಥೆಯ ಗಟ್ಟಿ ಎಲುಬು. ಬೆಸ್ತನೊಬ್ಬ ಬಂಡೆಯ ಮೇಲೆ ತಲೆ ಬಾಚುತ್ತಿದ್ದ ಹೆಣ್ಣನ್ನು ಕಂಡು, ಪಕ್ಕದಲ್ಲಿದ್ದ ತೊಗಲನ್ನು ಎತ್ತಿಕೊಳ್ಳುತ್ತಾನೆ. ಅದಿಲ್ಲದೆ ಅವಳು ನೀರಿಗೆ ಮರಳಲಾರಳು. ಬೆನ್ನು ಹತ್ತಿ ಮನೆಗೆ ಬರುತ್ತಾಳೆ. ಮದುವೆ, ಮಕ್ಕಳು. ತೊಗಲು ಅಟ್ಟದಲ್ಲೋ ಹುಲ್ಲಿನ ಸೂರಿನಲ್ಲೋ ಬಚ್ಚಿಟ್ಟಿರುತ್ತದೆ. ವರ್ಷಗಳ ಮೇಲೆ ಮಗುವೊಂದು ಅದನ್ನು ಕಂಡು ಅಮ್ಮನಿಗೆ ಹೇಳುತ್ತದೆ. ಅವಳು ತೊಟ್ಟು ಕಡಲಿಗೆ ಹೋಗುತ್ತಾಳೆ. ಮುಂದೆ ದಡಕ್ಕೆ ಬಂದು ಮಕ್ಕಳ ತಲೆ ಬಾಚುತ್ತಾಳೆ, ಇಲ್ಲವೆ ಬಂಡೆಯ ಮೇಲೆ ಮೀನಿಟ್ಟು ಹೋಗುತ್ತಾಳೆ. ಮನೆಯೊಳಗೆ ಮಾತ್ರ ಕಾಲಿಡುವುದಿಲ್ಲ. ಐರ್ಲೆಂಡಿನಲ್ಲಿ ಈ ಕಥೆಯ ಎಷ್ಟೋ ಪಾಠಗಳಲ್ಲಿ (ಹೇಳಿಕೆಯ ರೂಪಗಳಲ್ಲಿ) ಅವಳು ಸೀಲ್ ಅಲ್ಲ, ಕಡಲ ಕನ್ಯೆ. ತೊಗಲಿನ ಬದಲು ಟೊಪ್ಪಿ ಅಥವಾ ಮೇಲುಹೊದಿಕೆ. ನೆರಳಾಟಕ್ಕೆ ಸೀಲ್ ಪಾಠವನ್ನೇ ಹಿಡಿಯಿರಿ, ಆಕಾರ ಬದಲಾಗುವುದು ಕಣ್ಣಿಗೆ ಕಾಣುತ್ತದೆ.

ಪರದೆಗೆ ಎರಡು ಮೊಳ ಅಗಲದ ಬಿಳಿ ಪಂಚೆ ಸಾಕು, ಸುಕ್ಕಿಲ್ಲದೆ ಬಿಗಿದು ಕಟ್ಟಿ. ದೀಪ ಒಂದೇ ಇರಲಿ, ಪರದೆಯಿಂದ ನಾಲ್ಕೈದು ಅಡಿ ಹಿಂದೆ. ಹಲವು ಬಿಂದುಗಳಿರುವ ಎಲ್‌ಇಡಿ ಪಟ್ಟಿ ಹಚ್ಚಿದರೆ ಒಂದು ಗೊಂಬೆಗೆ ನಾಲ್ಕು ನೆರಳು ಬಿದ್ದು ಆಟ ಕೆಡುತ್ತದೆ. ಗೊಂಬೆಗೆ ದಪ್ಪ ರಟ್ಟು, ಹಿಡಿಕೆಗೆ ಬಿದಿರು ಕಡ್ಡಿ.

ಮುಖ್ಯ ಗೊಂಬೆ ಎರಡು ತುಂಡು. ಹೆಣ್ಣಿನ ಆಕೃತಿಯನ್ನು ಕೈಕಾಲು ಮೈಗೆ ಸೇರಿಸಿ ಸಪೂರ ಕತ್ತರಿಸಿ. ಸೀಲ್‌ನ ಆಕೃತಿ ಅದನ್ನು ಪೂರ್ತಿ ಮುಚ್ಚುವಷ್ಟು, ಸುತ್ತಲೂ ಎರಡು ಬೆರಳು ದೊಡ್ಡದಿರಲಿ. ಎರಡಕ್ಕೂ ಬೇರೆ ಬೇರೆ ಕಡ್ಡಿ. ಒಂದರ ಮೇಲೊಂದು ಇಟ್ಟರೆ ಸೀಲ್; ಸೀಲ್ ತುಂಡನ್ನು ಪಕ್ಕಕ್ಕೆ ಎಳೆದರೆ ಹೆಣ್ಣು ಹೊರಬರುತ್ತಾಳೆ, ತೊಗಲು ಬಂಡೆಯ ಮೇಲೆ ಉಳಿಯುತ್ತದೆ. ಇಬ್ಬರು ಮಕ್ಕಳು ಹಿಡಿದರೆ ಒಬ್ಬರು ಅವಸರ ಮಾಡಿ ಅಂಚು ಕಾಣಿಸಿಬಿಡುತ್ತದೆ. ಒಬ್ಬರೇ ಎರಡು ಕೈಯಲ್ಲಿ ಹಿಡಿಯಲಿ, ಹತ್ತು ಬಾರಿ ಅಭ್ಯಾಸವಾಗಲಿ.

ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ನೆರಳು ಚೊಕ್ಕ. ದೀಪದ ಕಡೆಗೆ ಸರಿಸಿದರೆ ದೊಡ್ಡದಾಗಿ ಮಸುಕಾಗುತ್ತದೆ. ಅವಳು ಕಡಲಿಗಿಳಿಯುವ ಗಳಿಗೆಗೆ ಈ ಮಸುಕನ್ನು ಬಳಸಿ: ಸೀಲನ್ನು ನಿಧಾನವಾಗಿ ದೀಪದತ್ತ ತಂದು ನೆರಳು ಪರದೆಯನ್ನೆಲ್ಲ ತುಂಬಲಿ. ಆಗ ಮಾತು ಬೇಡ, ಹಿನ್ನೆಲೆಯ ಹಾಡೂ ಬೇಡ.

ಮಾತಿನಲ್ಲಿ 'ಚರ್ಮ' ಎನ್ನಬೇಡಿ, ಅದು ಡಾಕ್ಟರ ಮಾತಾಗುತ್ತದೆ. 'ತೊಗಲು' ಎನ್ನಿ. ಹಾವು ಪೊರೆ ಬಿಟ್ಟ ಹಾಗೆ ಎಂದರೆ ನಿಮ್ಮೂರ ಮಕ್ಕಳಿಗೆ ಆ ಕ್ಷಣವೇ ಅರ್ಥವಾಗುತ್ತದೆ. ಬೆಸ್ತನನ್ನು ಪ್ರೇಮಿ ಮಾಡಲು ಹೋಗಬೇಡಿ. ಅವನು ತೊಗಲು ಕದ್ದವನು, ಮಕ್ಕಳು ಅದನ್ನು ತಾವೇ ಗುರುತಿಸುತ್ತಾರೆ. ಕೊನೆಯಲ್ಲಿ ತಾಯಿಯನ್ನು ಮನೆಗೆ ಮರಳಿ ತರುವುದು ಇನ್ನೊಂದು ತಪ್ಪು. ಪುಟ್ಟ ಮಕ್ಕಳು ಅಳುತ್ತಾರೆಂಬ ಹೆದರಿಕೆಯಿದ್ದರೆ ಬಂಡೆಯ ಮೇಲಿನ ಮೀನನ್ನು ತೋರಿಸಿ ದೀಪ ಆರಿಸಿ. ಶಂತನುವನ್ನು ಬಿಟ್ಟುಹೋದ ಗಂಗೆಯ ಕಥೆ ಕೇಳಿ ಬೆಳೆದ ಮಕ್ಕಳು ಇಷ್ಟನ್ನು ತಾಳಿಕೊಳ್ಳುತ್ತಾರೆ.

ಪ್ರಶ್ನೆ: ಇಂಥ ಮನೆತನದ ಕಥೆಗಳನ್ನು ಮೂಲದಲ್ಲೇ ಓದಲು ದಾರಿ ಇದೆಯೇ?
– ಜಾನಪದ ಸಂಶೋಧನಾರ್ಥಿ, ಮಾನಸಗಂಗೋತ್ರಿ

ಉತ್ತರ: ಇದೆ, ದುಡ್ಡೂ ಬೇಕಿಲ್ಲ. 1937ರಿಂದ 1939ರವರೆಗೆ ಐರ್ಲೆಂಡಿನ 26 ಕೌಂಟಿಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದ ಪುಟಗಳು ಡಬ್ಲಿನ್ ಯೂನಿವರ್ಸಿಟಿ ಕಾಲೇಜಿನ ರಾಷ್ಟ್ರೀಯ ಜಾನಪದ ಸಂಗ್ರಹದಲ್ಲಿವೆ. 'ದೂಖಸ್' ಜಾಲತಾಣದಲ್ಲಿ ಕೈಬರಹದ ಚಿತ್ರಗಳನ್ನೇ ಓದಬಹುದು.

ಇಂಗ್ಲಿಷಿನ 'ಸೀಲ್' ಎಂದಷ್ಟೇ ಹುಡುಕಿದರೆ ಮೊಹರಿನ ಸೀಲೂ ಬಂದು ರಾಶಿ ಬೀಳುತ್ತದೆ. ಐರಿಶ್‌ನ 'ರೋನ್' ಹುಡುಕಿ. ಆರ್, ಓ, ಎನ್, ನಡುವಿನ ಓ ಮೇಲೆ ಓರೆ ಗೀಟು. ಕಡಲ ಕನ್ಯೆಯ ಹೆಸರಿನಲ್ಲೂ ಹುಡುಕಲೇಬೇಕು, ಮೇಲೆ ಹೇಳಿದ ಕಾರಣಕ್ಕೆ. ಗಾಲ್ವೇ, ಮೇಯೊ, ಕೆರಿ, ಡೊನೆಗಲ್, ಕ್ಲೇರ್ ಕೌಂಟಿಗಳಿಂದ ಶುರುಮಾಡಿ. ಮನೆತನದ ಹೆಸರನ್ನು ಒಂದೇ ಕಾಗುಣಿತಕ್ಕೆ ಕಟ್ಟಬೇಡಿ. ಪುಟದ ಕೊನೆಯಲ್ಲಿ ಹೇಳಿದವರ ಹೆಸರು, ವಯಸ್ಸು ಇದ್ದರೆ ಅದನ್ನು ಮೊದಲು ಗುರುತು ಹಾಕಿಕೊಳ್ಳಿ. ಕಥೆಯನ್ನು ವಿಂಗಡಿಸುವಾಗ ನಾರ್ವೆಯ ಜಾನಪದ ವಿದ್ವಾಂಸ ರೈಡಾರ್ ಕ್ರಿಶ್ಚಿಯನ್ಸನ್ 1958ರಲ್ಲಿ ಕೊಟ್ಟ ವಲಸೆ ಐತಿಹ್ಯಗಳ (ನಾಡಿನಿಂದ ನಾಡಿಗೆ ಸಾಗುವ ಕಥೆಗಳ) ಪಟ್ಟಿಯಲ್ಲಿ 'ಸೀಲ್ ಹೆಣ್ಣು' ಮಾದರಿಯ ಸಂಖ್ಯೆ 4080. ಕನೀಲಿ ಮಾತು ಈ ಸಂಖ್ಯೆಯೊಳಗೆ ಕೂರುವುದಿಲ್ಲ ಎಂಬುದು ನೆನಪಿರಲಿ. ಅಲ್ಲಿ ಮದುವೆಯೇ ಇಲ್ಲ.

ಪ್ರಶ್ನೆ: ಅಕ್ಟೋಬರಿನಲ್ಲಿ ಐರ್ಲೆಂಡಿಗೆ ಹೋಗುತ್ತಿದ್ದೇವೆ. ದಡದಲ್ಲಿ ಸೀಲ್ ಮರಿ ಒಂಟಿಯಾಗಿ ಕಂಡರೆ ಏನು ಮಾಡಬೇಕು?
– ಮದ್ದೂರು

ಉತ್ತರ: ಅದು ಬೂದು ಸೀಲ್ ಮರಿ ಹಾಕುವ ಕಾಲ, ಖಂಡಿತ ಕಾಣಬಹುದು. ನೂರು ಮೀಟರ್ ದೂರ ನಿಲ್ಲಿ, ನಾಯಿಯಿದ್ದರೆ ಕಟ್ಟಿಹಾಕಿ. ಕರುಣೆಯಿಂದ ನೀರಿಗೆ ತಳ್ಳಬೇಡಿ. ಬಿಳಿ ಕೂದಲಿನ ಮರಿಗೆ ನೀರು ತಡೆಯುವ ಶಕ್ತಿಯಿಲ್ಲ, ಚಳಿಗೆ ಸಾಯುತ್ತದೆ. ಹಸುವಿನ ಹಾಲೂ ಬೇಡ, ಜೀರ್ಣವಾಗದು. ತಾಯಿ ಹತ್ತಿರದ ನೀರಿನಲ್ಲೇ ಇರಬಹುದು, ಜನ ಕಂಡರೆ ಬರುವುದಿಲ್ಲ. ಗಾಯವಿದ್ದರೆ, ತೀರಾ ಬಡಕಲಾಗಿದ್ದರೆ, ವೆಕ್ಸ್‌ಫರ್ಡ್ ಕೌಂಟಿಯ ಕೋರ್ಟ್‌ಟೌನಿನಲ್ಲಿರುವ ಸೀಲ್ ರೆಸ್ಕ್ಯೂ ಐರ್ಲೆಂಡ್ ಸಂಸ್ಥೆಗೆ ತಿಳಿಸಿ. ಅಲ್ಲಿ 1976ರ ವನ್ಯಜೀವಿ ಕಾಯ್ದೆ ಸೀಲ್‌ಗಳನ್ನು ರಕ್ಷಿಸುತ್ತದೆ.

ಮರಿ ಕಚ್ಚಿದರೆ ಅಸಡ್ಡೆ ಬೇಡ. 'ಸೀಲ್ ಬೆರಳು' ಎಂಬ ಸೋಂಕಿನಿಂದ ಬೆರಳು ಊದಿ ಕೀಲು ಕೆಡುತ್ತದೆ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ, ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಬೇಕು. ಕಚ್ಚಿದ್ದು ಸೀಲ್ ಎಂದು ವೈದ್ಯರಿಗೆ ಮೊದಲೇ ಹೇಳಿ.