ಹೊರೇಸ್‌ನನ್ನು ಹೊಗಳುಭಟ ಎನ್ನಬಹುದೇ?

ಪತ್ರ: ಪ್ರಾಚೀನ ರೋಮಿನ ಕವಿ ಹೊರೇಸ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಟಿಪ್ಪಣಿ ಓದಿದೆ. ಯುದ್ಧದಲ್ಲಿ ಗುರಾಣಿ ಬಿಸುಟು ಓಡಿದವನು, ಆಮೇಲೆ ಗೆದ್ದವರ ಪಕ್ಷ ಸೇರಿ ಚಕ್ರವರ್ತಿ ಅಗಸ್ಟಸ್‌ನನ್ನು ಹಾಡಿ ಹೊಗಳಿದವನು, ಜಮೀನು ಗಿಟ್ಟಿಸಿಕೊಂಡವನು. ಇಂದಿನ ದಿನವನ್ನು ಸವಿದುಬಿಡು ಎಂಬ ಒಂದು ಸಾಲು ಬಿಟ್ಟರೆ ಇವನಲ್ಲಿ ಏನಿದೆ? ಓದಲೇಬೇಕೆಂದರೆ ಎಲ್ಲಿಂದ ಆರಂಭಿಸಬೇಕು?
– ಓದುಗರು, ಸಾಗರ

ಮಾನ್ಯರೇ,

ನೀವು ಪಟ್ಟಿ ಮಾಡಿದ ಸಂಗತಿಗಳೆಲ್ಲ ನಿಜ. ಸೋಲೂ ನಿಜ, ಜಮೀನೂ ನಿಜ, ಸ್ತುತಿಯೂ ನಿಜ. ಆದರೆ ಅವುಗಳಿಂದ ನೀವು ಕಡೆದು ನಿಲ್ಲಿಸಿದ ಮನುಷ್ಯ ಆ ಕವಿತೆಗಳೊಳಗೆ ನನಗೆ ಎಂದೂ ಸಿಕ್ಕಿಲ್ಲ.

ಹೊರೇಸ್ ಹುಟ್ಟಿದ್ದು ಕ್ರಿ.ಪೂ. 65ರಲ್ಲಿ, ದಕ್ಷಿಣ ಇಟಲಿಯ ವೆನೂಸಿಯಾದಲ್ಲಿ. ತಂದೆ ಗುಲಾಮನಾಗಿದ್ದು ಬಿಡುಗಡೆ ಪಡೆದವನು. ಹರಾಜುಗಳಲ್ಲಿ ಹಣ ವಸೂಲಿ ಮಾಡುವ ಕೆಲಸ, ಜೊತೆಗೆ ಒಂದು ಬಡ ಹೊಲ. ಊರಿನ ಶಾಲೆಗೆ ಸೇನಾಧಿಕಾರಿಗಳ ಮಕ್ಕಳು ಹೋಗುತ್ತಿದ್ದರು. ಈ ತಂದೆ ಮಗನನ್ನು ಅಲ್ಲಿಗೆ ಕಳುಹಿಸದೆ ನೇರ ರೋಮ್‌ಗೆ ಕರೆದೊಯ್ದ. ಶ್ರೀಮಂತರ ಮಕ್ಕಳು ಕಲಿಯುವುದನ್ನೇ ಕಲಿಸಿದ. ಒಬ್ಬೊಬ್ಬ ಗುರುವಿನ ಮನೆಗೂ ತಾನೇ ಜೊತೆಯಾಗಿ ನಡೆದ. ಹೊರೇಸ್ ದೊಡ್ಡವರ ಸಾಲಿನಲ್ಲಿ ಕೂತ ಮೇಲೂ, ಗುಲಾಮನ ಮಗನೆಂದು ಜನ ಚುಚ್ಚುತ್ತಿದ್ದಾಗಲೂ, ಇದನ್ನೆಲ್ಲ ‘ಸೆಟೈರ್ಸ್’ ಎಂಬ ವಿಡಂಬನ ಕವಿತೆಗಳ ಮೊದಲ ಸಂಪುಟದ ಆರನೆಯ ಕವಿತೆಯಲ್ಲಿ ತಾನಾಗಿಯೇ ಬಿಡಿಸಿ ಹೇಳುತ್ತಾನೆ. ತಂದೆ ತಾಯಿಯರನ್ನು ಮತ್ತೆ ಆರಿಸಿಕೊಳ್ಳುವ ಅವಕಾಶ ಬಂದರೂ ನನಗೆ ಇವರೇ ಸಾಕು ಎನ್ನುತ್ತಾನೆ. ಅದನ್ನು ಬರೆದದ್ದು ಮೈಕೆನಾಸ್‌ಗೆ, ಅಗಸ್ಟಸ್‌ನ ಆಪ್ತನಿಗೆ. ಹೊಗಳಿ ಮೇಲೇರುವವರು ಹೀಗೆ ಬರೆಯುವುದಿಲ್ಲ.

ಇನ್ನು ಗುರಾಣಿ. ಅಥೆನ್ಸ್‌ನಲ್ಲಿ ಓದುತ್ತಿದ್ದ ಹುಡುಗ, ಸೀಸರ್‌ನನ್ನು ಕೊಂದು ಅಗಸ್ಟಸ್‌ನ ಎದುರಾಳಿಯಾಗಿದ್ದ ಬ್ರೂಟಸ್‌ನ ಸೇನೆ ಸೇರಿದ, ಕ್ರಿ.ಪೂ. 42ರಲ್ಲಿ ಫಿಲಿಪ್ಪೈ ಕಾಳಗದಲ್ಲಿ ಆ ಪಕ್ಷ ನೆಲ ಕಚ್ಚಿತು. ಕ್ಷಮಾದಾನ ಸಿಕ್ಕಿತು, ತಂದೆಯ ಆಸ್ತಿ ಹೋಯಿತು. ಖಜಾನೆಯ ಗುಮಾಸ್ತನಾಗಿ ದಿನ ದೂಡಿದ. ಗುರಾಣಿಯ ಮಾತು ಬರುವುದು ‘ಓಡ್ಸ್’ ಎಂಬ ಭಾವಗೀತೆಗಳ ಎರಡನೆಯ ಸಂಪುಟದ ಏಳನೆಯ ಕವಿತೆಯಲ್ಲಿ. ಅವನಿಗಿಂತ ಶತಮಾನಗಳ ಹಿಂದೆಯೇ ಗ್ರೀಕ್ ಕವಿಗಳಾದ ಆರ್ಕಿಲೋಕಸ್, ಅಲ್ಕೇಯಸ್ ತಮ್ಮ ಗುರಾಣಿ ಹೋದದ್ದನ್ನು ಹಾಡಿದ್ದರು. ಹೊರೇಸ್ ಅವರ ದಾರಿಯಲ್ಲಿ ನಿಂತು ಮಾತನಾಡುತ್ತಿದ್ದಾನೆ, ಹೇಡಿತನದ ತಪ್ಪೊಪ್ಪಿಗೆಯೆಂದು ಅದನ್ನು ಓದಬಾರದು. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಆ ಕವಿತೆ ಬ್ರೂಟಸ್‌ನ ಕೆಳಗೆ ತನ್ನೊಡನೆ ಹೋರಾಡಿ, ಬಹಳ ಕಾಲದ ನಂತರ ಊರಿಗೆ ಮರಳಿದ ಗೆಳೆಯನಿಗೆ ನೀಡಿದ ಸ್ವಾಗತ. ಅಗಸ್ಟಸ್‌ನ ಕಣ್ಣೆದುರೇ, ನಾವಿಬ್ಬರೂ ಅಂದು ಆ ಕಡೆಯಲ್ಲಿದ್ದೆವು ಎಂದು ಹೆಸರು ಹಿಡಿದು ಹೇಳುವ ಕವಿತೆ.

ಮೈಕೆನಾಸ್‌ಗೆ ಅವನನ್ನು ಪರಿಚಯಿಸಿದ್ದು ಕವಿಗಳಾದ ವರ್ಜಿಲ್ ಮತ್ತು ವೇರಿಯಸ್. ಮೊದಲ ಭೇಟಿಯಲ್ಲಿ ನಾಚಿಕೆಯಿಂದ ತೊದಲಿ ನಾಲ್ಕು ಮಾತಾಡಿದನಂತೆ. ಮತ್ತೆ ಕರೆ ಬಂದದ್ದು ಒಂಬತ್ತನೆಯ ತಿಂಗಳಲ್ಲಿ. ಸಾಬೈನ್ ಬೆಟ್ಟಗಳ ಜಮೀನು ಆ ಸ್ನೇಹದ ಫಲ. ಅಗಸ್ಟಸ್ ತನ್ನ ಪತ್ರ ವ್ಯವಹಾರ ನೋಡಿಕೊಳ್ಳಲು ಕರೆದಾಗ ಹೊರೇಸ್ ಒಪ್ಪಲಿಲ್ಲ. ನನ್ನ ಸ್ನೇಹಿತನೆಂದು ತೋರಿದರೆ ಮುಂದಿನವರು ನಿನ್ನನ್ನು ಹಳಿಯುತ್ತಾರೆಂಬ ಭಯವೇ ಎಂದು ಚಕ್ರವರ್ತಿಯೇ ಕೊರಗಿ ಬರೆದದ್ದನ್ನು ರೋಮಿನ ಜೀವನಚರಿತ್ರೆಕಾರ ಸ್ಯೂಟೋನಿಯಸ್ ದಾಖಲಿಸಿದ್ದಾನೆ. ಕ್ಲಿಯೋಪಾತ್ರಳ ಸೋಲನ್ನು ಸಂಭ್ರಮಿಸುವ ಕವಿತೆಯನ್ನೇ ನೋಡಿ (‘ಓಡ್ಸ್’ ಮೊದಲ ಸಂಪುಟದ 37ನೆಯದು). ಕುಡಿಯಿರಿ, ಕುಣಿಯಿರಿ ಎಂದು ಆರಂಭವಾಗುವ ಅದು, ಸರ್ಪಗಳನ್ನು ಕೈಯಾರೆ ಹಿಡಿದು, ವಿಜಯದ ಮೆರವಣಿಗೆಗೆ ಸಿಗದೆ ಹೋದ ರಾಣಿಯ ಘನತೆಯಲ್ಲಿ ಮುಗಿಯುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಶತ್ರುವೇ ಕವಿತೆಯ ನಾಯಕಿ.

ಇವನಲ್ಲಿ ಏನಿದೆ ಎಂದು ಕೇಳಿದ್ದೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಛಂದಸ್ಸು, ಅದರಲ್ಲೂ ಕನ್ನಡದ ಓದುಗನಾಗಿ. ಲ್ಯಾಟಿನ್ ಪದ್ಯ ನಮ್ಮ ವೃತ್ತಗಳಂತೆಯೇ ಗುರು ಲಘುಗಳ ಲೆಕ್ಕದ ಮೇಲೆ ನಿಂತಿದೆ. ಒತ್ತಕ್ಷರದ ಹಿಂದಿನದು ಗುರುವಾಗುವ ನಿಯಮವೂ ಬಹುಮಟ್ಟಿಗೆ ಅದೇ. ಗ್ರೀಕ್ ಕವಯಿತ್ರಿ ಸ್ಯಾಫೋ ಬಳಸಿದ ಹನ್ನೊಂದಕ್ಷರದ ಸಾಲನ್ನು ಹೊರೇಸ್ ತೆಗೆದುಕೊಂಡ. ಅವಳಲ್ಲಿ ಗುರುವೋ ಲಘುವೋ ಆಗಬಹುದಾಗಿದ್ದ ನಾಲ್ಕನೆಯ ಅಕ್ಷರವನ್ನು ಇವನು ಗುರುವೆಂದೇ ಬಿಗಿದ. ಒಂದು ಸಾಲು ಹೀಗಿದೆ: ‘ಇಂತೆಗೆರ್ ವೀತೈ ಸ್ಕೆಲೆರಿಸ್ಕ್ವೆ ಪೂರುಸ್’. ಪ್ರಸ್ತಾರ ಹಾಕಿ ನೋಡಿ: ಗುರು, ಲಘು, ಗುರು, ಗುರು, ಗುರು, ಲಘು, ಲಘು, ಗುರು, ಲಘು, ಗುರು, ಗುರು. ಇದನ್ನು ನಮ್ಮ ಇಂದ್ರವಜ್ರ ವೃತ್ತದ ಪಕ್ಕದಲ್ಲಿಡಿ. ಎರಡನೆಯ ಮತ್ತು ಮೂರನೆಯ ಅಕ್ಷರ ಅದಲು ಬದಲಾಗಿವೆ, ಉಳಿದ ಒಂಬತ್ತೂ ಇದ್ದಲ್ಲೇ ಇವೆ! ಗ್ರೀಕರ ಈ ಬಗೆಯ ಸಾಲುಗಳಿಗೂ ವೇದದ ತ್ರಿಷ್ಟುಭ್ ಛಂದಸ್ಸಿಗೂ ಒಂದೇ ಮೂಲವಿರಬೇಕೆಂದು ಫ್ರೆಂಚ್ ಭಾಷಾವಿಜ್ಞಾನಿ ಆಂತ್ವಾನ್ ಮೇಯೆ ವಾದಿಸಿದ್ದರು. ಹೊರೇಸ್‌ನ ಒಂದು ಪದ್ಯದಲ್ಲಿ ಇಂಥ ಮೂರು ಸಾಲು, ಕೊನೆಗೆ ಐದಕ್ಷರದ ಒಂದು ತುಂಡು ಸಾಲು. ಆ ತುಂಡು ಸಾಲಿನಲ್ಲಿ ಉಸಿರು ನಿಲ್ಲುವ ಜಾಗವನ್ನು ಅವನಂತೆ ಬಲ್ಲವರು ವಿರಳ. ಗ್ರೀಕರ ನಾದವನ್ನು ಇಟಲಿಗೆ ತಂದವರಲ್ಲಿ ತಾನೇ ಮೊದಲಿಗನೆಂದು ಹೊರೇಸ್ ಬೀಗುತ್ತಾನೆ. ಅವನಿಗಿಂತ ಮೊದಲೇ ಲ್ಯಾಟಿನ್ ಕವಿ ಕ್ಯಾಟಲಸ್ ಇದೇ ಬಂಧದಲ್ಲಿ ಎರಡು ಕವಿತೆ ಬರೆದಿದ್ದ. ಆದರೂ ಕ್ರಿ.ಪೂ. 23ರಲ್ಲಿ ಒಟ್ಟಿಗೆ ಹೊರಬಂದ ‘ಓಡ್ಸ್’ನ ಮೂರು ಸಂಪುಟಗಳ 88 ಕವಿತೆಗಳನ್ನು ನೋಡಿದರೆ ಆ ಬೀಗುವಿಕೆ ಸಲ್ಲುತ್ತದೆಂದೇ ನನಗನ್ನಿಸುತ್ತದೆ.

ನೀವು ಹೇಳಿದ ಆ ಒಂದು ಸಾಲು ಎಂಟು ಸಾಲಿನ ಕವಿತೆಯೊಂದರ ಕೊನೆಯದು. ಸಾವು ಯಾವಾಗ ಬರುತ್ತದೆಂದು ಜ್ಯೋತಿಷ್ಯದ ಲೆಕ್ಕ ಕೆದಕುತ್ತಿರುವ ಲ್ಯೂಕೊನೊಯಿ ಎಂಬವಳಿಗೆ ಹೇಳಿದ ಮಾತು ಅದು. ಹೊರಗೆ ಚಳಿಗಾಲದ ಕಡಲು ಬಂಡೆಗಳಿಗೆ ಬಡಿದು ಸೋಲುತ್ತಿದೆ. ಈ ಹಿನ್ನೆಲೆಯಿಂದ ಕಿತ್ತು ತೆಗೆದಿದ್ದರಿಂದಲೇ ಅದು ಅಂಗಡಿಯ ಗೋಡೆಗೆ ಹಚ್ಚುವ ಘೋಷಣೆಯಂತೆ ಕಾಣುತ್ತಿದೆ.

ಎಲ್ಲಿಂದ ಆರಂಭಿಸಬೇಕು? ‘ಓಡ್ಸ್’ ನಾಲ್ಕನೆಯ ಸಂಪುಟದ ಏಳನೆಯ ಕವಿತೆಯಿಂದ. ಹಿಮ ಕರಗಿದೆ, ಮರಗಳಿಗೆ ಎಲೆ ಬಂದಿದೆ, ಋತುಗಳು ಸುತ್ತಿ ಸುತ್ತಿ ಬರುತ್ತವೆ, ಕ್ಷೀಣಿಸಿದ ಚಂದ್ರ ಮತ್ತೆ ತುಂಬಿಕೊಳ್ಳುತ್ತಾನೆ. ನಾವು ಮಾತ್ರ ಹಳೆಯ ರಾಜರು ಹೋದಲ್ಲಿಗೆ ಹೋದ ಮೇಲೆ ಧೂಳು, ನೆರಳು. ಇದನ್ನು ಬರೆದಾಗ ಅವನಿಗೆ ಐವತ್ತು ದಾಟಿತ್ತು. ನಂತರ ಗೆಳೆಯನ ಸ್ವಾಗತದ ಕವಿತೆ, ಆಮೇಲೆ ಎರಡನೆಯ ಸಂಪುಟದ 17ನೆಯದು. ಅದರಲ್ಲಿ ಕಾಯಿಲೆಯ ಮೈಕೆನಾಸ್‌ಗೆ, ನೀನು ಹೋದರೆ ನಾನೂ ಉಳಿಯುವುದಿಲ್ಲ ಎಂದು ಮಾತು ಕೊಡುತ್ತಾನೆ. ಕ್ರಿ.ಪೂ. 8ರಲ್ಲಿ ಮೈಕೆನಾಸ್ ತೀರಿಕೊಂಡ. ಅದೇ ವರ್ಷ ನವೆಂಬರ್ 27ರಂದು ಹೊರೇಸ್. ಎಸ್ಕ್ವಿಲೈನ್ ಗುಡ್ಡದ ಅಂಚಿನಲ್ಲಿ ಅವನನ್ನು ಗೆಳೆಯನ ಸಮಾಧಿಯ ಬಳಿಯೇ ಹೂಳಿದರು.

ಮೂರನೆಯ ಸಂಪುಟದ ಮೊದಲ ಆರು ಕವಿತೆಗಳನ್ನು ಕೊನೆಗೆ ಓದಿ. ಅಗಸ್ಟಸ್ ಭೂಮಿಯ ಮೇಲಿನ ದೇವರೆನಿಸುವನು ಎಂಬ ಮಾತು ಅಲ್ಲಿ ಐದನೆಯದರಲ್ಲಿದೆ. ನಿಮ್ಮ ಆಕ್ಷೇಪಕ್ಕೆ ಅತ್ಯಂತ ಗಟ್ಟಿಯಾದ ಆಧಾರ ಅದೇ, ನಾನು ಅದನ್ನು ಸಮರ್ಥಿಸಲು ಹೋಗುವುದಿಲ್ಲ. ಓದಿದ ಮೇಲೆ ದಯವಿಟ್ಟು ಇನ್ನೊಮ್ಮೆ ಬರೆಯಿರಿ. ಆ ಪತ್ರವನ್ನೂ ಪೂರ್ತಿಯಾಗಿ ಪ್ರಕಟಿಸುತ್ತೇವೆ.

– ಸಂಪಾದಕ